ಕಾಲರ್ ಮಾದರಿಯ ಹಿಂಬದಿ

ಡಿಸೆಂಬರ್ ೯, ಮಂಗಳವಾರ

ದಪ್ಪ ಕಾಗದ ಕಂಡರೆ ನನ್ನ ಕತ್ತರಿ ಸುಮ್ಮನಿರುವುದಿಲ್ಲ. ಹದಿನೈದು ದಿನದ ಹಿಂದೆ ಮೇಜಿನ ಮೇಲಿದ್ದ ಲಕೋಟೆಯಿಂದ ಪತ್ರ ತೆಗೆದು, ಓದದೆ, ಕಾಲರ್ ಮಾದರಿಗೆ ಕತ್ತರಿಸಿಕೊಂಡಿದ್ದೆ. ಇವತ್ತು ಅದನ್ನು ಬಟ್ಟೆಯ ಮೇಲೆ ಮಗುಚಿ ಇಟ್ಟಾಗ ಅಕ್ಷರ ಕಣ್ಣಿಗೆ ಬಿತ್ತು. ನಮ್ಮ ಆರೋಗ್ಯ ವಿಮೆಗೆ ಸರ್ಕಾರ ಕಟ್ಟುತ್ತಿದ್ದ ಪಾಲು ಈ ತಿಂಗಳಿಗೆ ಮುಗಿಯುತ್ತದಂತೆ. ಜನವರಿಯಿಂದ ಕಂತು ಮೂರು ಪಟ್ಟು.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ.

"ನನ್ನ ಹೆಸರು ತೆಗೆಸಿಬಿಡು. ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ," ಅಂದರು.

"ಗುಂಡುಕಲ್ಲಿಗೆ ಯಾರಾದ್ರೂ ಬಿಪಿ ಮಾತ್ರೆ ಬರೆದುಕೊಡ್ತಾರೇನ್ರೀ?"

ಇವರು ನಕ್ಕರು. ನನಗೆ ನಗು ಬರಲಿಲ್ಲ. ದಿನವಿಡೀ ಬಸ್ ಓಡಿಸುವ ಮನುಷ್ಯ, ನಮ್ಮ ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ಲುತ್ತಾರೆ.

ಮಲಗಿದರೆ ನಿದ್ದೆ ಹತ್ತಲಿಲ್ಲ. ಎದ್ದು ಹೊಲಿಯಲು ಕೂತೆ, ತೋಳನ್ನು ತಿರುವುಮುರುವಾಗಿ ಕೂಡಿಸಿ ಬಿಚ್ಚಿದೆ. ಒಂದೇ ಮಾತು ಕೊರೆಯುತ್ತಿದೆ. ಅವತ್ತು ನನ್ನ ಕೈಗೆ ಸಿಕ್ಕಾಗಲೇ ಆ ಲಕೋಟೆ ಒಡೆದಿತ್ತು. ಮನೆಯಲ್ಲಿರುವುದು ನಾವಿಬ್ಬರೇ.

ಈಗಷ್ಟೇ ಇವರ ಮಾತ್ರೆ ಡಬ್ಬಿ ತೆಗೆದು ನೋಡಿದೆ. ದಿನಕ್ಕೊಂದು ಇಡೀ ಮಾತ್ರೆ ಅಂತ ಡಾಕ್ಟರು ಬರೆದಿದ್ದು, ಇಲ್ಲಿ ಒಂದೊಂದು ಮಾತ್ರೆಯೂ ನೀಟಾಗಿ ಎರಡು ಹೋಳು. ನನ್ನ ಸಣ್ಣ ಕತ್ತರಿಯ ಅಲಗಿಗೆ ಅಂಟಿರುತ್ತಿದ್ದ ಬಿಳಿ ಪುಡಿಯನ್ನು ಗುರುತು ಹಾಕುವ ಸೀಮೆಸುಣ್ಣ ಅಂದುಕೊಂಡು ನಾನು ದಿನಾ ಬೆಳಿಗ್ಗೆ ಒರೆಸುತ್ತಿದ್ದೆನಲ್ಲ.