ಹುಳದ ಮಾತ್ರೆ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕಾ,

ಪುಟ್ಟಿಗೆ ಹುಳದ ಮಾತ್ರೆ ಕೊಟ್ಟುಬಿಡು. ಈ ಒಂದು ಮಾತನ್ನು ಬರೆಯದೆ, ಕ್ಷೇಮಸಮಾಚಾರ ಕೇಳಿ ಮುಗಿಸಿಬಿಡುವುದರಲ್ಲಿದ್ದೆ. ನಿಮ್ಮ ಮನೆಯಿಂದ ಬಂದು ಇಷ್ಟು ದಿನವಾದರೂ ಕಾಗದ ಹಾಕದಿದ್ದುದಕ್ಕೆ ಇದನ್ನು ಬರೆಯಲು ಅಳುಕಿದ್ದೇ ಕಾರಣ, ಕ್ಷಮಿಸು. ಫೋನಿನಲ್ಲಾದರೆ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಜಗಳಕ್ಕೂ ನನಗೀಗ ತ್ರಾಣವಿಲ್ಲ.

ಹೊಟ್ಟೆಯಲ್ಲಿ ಹುಳವಿದ್ದರೆ ಅಲರ್ಜಿ ತಣ್ಣಗಾಗುವುದುಂಟು ಎಂದು ಊಟಕ್ಕೆ ಕೂತಾಗ ಹೇಳಿದವಳು ನಾನೇ. ಲ್ಯಾಬಿನ ಮಾತು ಮನೆಯಲ್ಲಿ ಔಷಧಿಯಂತೆ ಕೇಳಿಸುತ್ತದೆ ಎಂದು ಹೊಳೆಯಲಿಲ್ಲ. ಕೊಕ್ಕೆಹುಳು ಇದೆ ಎಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನನ್ನ ಮಾತು ಕೇಳಿ ನೀನು ಸಕ್ಕರೆ ಡಬ್ಬಿಯ ಹಿಂದೆ ಸರಿಸಿಟ್ಟೆ. ವರ್ಷಗಟ್ಟಲೆ ಮಗಳ ಉಬ್ಬಸದ ಜೊತೆ ಎದ್ದು ಕೂತವಳು ನೀನು. ಈಗ ಅದು ನಿಂತಿತ್ತಲ್ಲ. ಭಾವ ಬೇರೆ, "ಬಾಡಿಗೆ ಕೊಡದಿದ್ರೂ ಮನೆ ಕಾಯ್ತಾ ಇದಾವೆ, ಇರ್ಲಿ ಬಿಡಿ" ಎಂದು ನಗಿಸಿದರು. ನಾನೂ ನಕ್ಕೆ.

ಅವು ಮನೆ ಕಾಯುವುದಿಲ್ಲ ಅಕ್ಕಾ. ಕಳ್ಳನು ಕಾವಲುನಾಯಿಗೆ ಮಾಂಸದ ತುಂಡು ಹಾಕಿ ಸುಮ್ಮನಾಗಿಸುತ್ತಾನಲ್ಲ, ಹಾಗೆ. ತನ್ನನ್ನು ಹೊರಗೆ ಅಟ್ಟದಿರಲೆಂದು ಹುಳು ಏನನ್ನೋ ಒಸರಿ ನಮ್ಮ ಮೈಯ ಕಾವಲನ್ನು ಮಂಕು ಮಾಡುತ್ತದೆ. ಮಂಕಾದ ನಾಯಿ ಧೂಳಿಗೂ ಬೊಗಳುವುದಿಲ್ಲ. ಪುಟ್ಟಿಯ ಉಸಿರು ಸಲೀಸಾದದ್ದು ಅದರಿಂದ ಇರಬಹುದು, ಇಲ್ಲದೆಯೂ ಇರಬಹುದು. ನಮ್ಮ ಲ್ಯಾಬಿನ ಇಲಿಗಳಲ್ಲಿ ನಿಚ್ಚಳವಾಗಿ ಕಾಣುವುದು ಮನುಷ್ಯರಲ್ಲಿ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಅವು ರಕ್ತ ಹೀರುವುದು ಮಾತ್ರ ನಿಶ್ಚಯ. ಅವಳ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಸುಣ್ಣದ ಹಾಗೆ ಬಿಳಿಚಿಕೊಂಡಿದೆ.

"ಮಾತ್ರೆ ಕೊಟ್ಟ ಮೇಲೆ ಉಬ್ಬಸ ತಿರುಗಿ ಬಂದ್ರೆ ನೀನು ಬಂದು ಕೂರ್ತೀಯೇನೆ?" ಎಂದು ಅವತ್ತು ಕೇಳಿದೆಯಲ್ಲ, ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ತಿರುಗಿ ಬರುವುದಿಲ್ಲ ಎಂದು ಆಣೆ ಮಾಡಲಾರೆ. ಬಂದರೆ, ರಜೆ ಹಾಕಿ ಬಂದು ಕೂರುತ್ತೇನೆ. ಇದಕ್ಕಿಂತ ಹೆಚ್ಚಿನದು ನನ್ನ ವಿದ್ಯೆಯಲ್ಲಿ ಇಲ್ಲ.

ಭಾವನಿಗೆ ನಮಸ್ಕಾರ. ಪುಟ್ಟಿಗೆ ನೂರು ವರ್ಷ ಆಯುಸ್ಸಾಗಲಿ.

ನಿನ್ನ ತಂಗಿ

ತಾ.ಕ.: ನಾನು ಹೊರಡುವಾಗ ಪುಟ್ಟಿ ಕಳಿಸಿಕೊಡಲು ಬಂದವಳು ಮೆಟ್ಟಿಲ ಅರ್ಧದಲ್ಲೇ ಕೂತುಬಿಟ್ಟಳು. "ಚಿಕ್ಕಮ್ಮಾ, ನಂಗೆ ತುಂಬಾ ಸುಸ್ತಾಗತ್ತೆ. ಅಮ್ಮಂಗೆ ಹೇಳ್ಬೇಡ. ಅವಳು ಈಗೀಗ ರಾತ್ರಿ ನಿದ್ದೆ ಮಾಡೋಕೆ ಶುರು ಮಾಡಿದಾಳೆ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನಾಳೆ, ಹದಿಮೂರನೇ ತಾರೀಕು, ಇದನ್ನು ಅಂಚೆಗೆ ಹಾಕುತ್ತೇನೆ.