ಅತ್ತೆ ಹ್ಯಾಂಬರ್ಗ್ ತಿಂದ ದಿನ

ಶಿಮಾದಾ,
ಮಾರ್ಚ್ 9, ಭಾನುವಾರ

ಪ್ರೀತಿಯ ಯುಕಿಮಸ ಅವರಿಗೆ,

ಅಕಿತಾದಲ್ಲಿ ಇನ್ನೂ ಹಿಮ ಬೀಳುತ್ತಿದೆಯೇ? ನಿಮ್ಮ ಕೆಮ್ಮು ಕಡಿಮೆಯಾಯಿತೇ? ಕಂಪನಿಯ ಕೋಣೆಯಲ್ಲಿ ಒಬ್ಬರೇ ಇದ್ದೀರೆಂದು ಮೂರು ಹೊತ್ತೂ ನೂಡಲ್ಸ್ ಬೇಯಿಸಿಕೊಂಡು ಕೂರಬೇಡಿ. ಇಲ್ಲಿ ಪ್ಲಮ್ ಹೂವು ಉದುರಿ ಮುಗಿದಿದೆ. ನಾನು ಚೆನ್ನಾಗಿದ್ದೇನೆ. ಅತ್ತೆಯಂತೂ ನಿನ್ನೆ ನಿಮ್ಮನ್ನೇ ಮೀರಿಸುವಂತೆ ಊಟ ಮಾಡಿದರು!

ನೀವು ಗೊತ್ತುಮಾಡಿದ ವೃದ್ಧಾಶ್ರಮವನ್ನು ನಿನ್ನೆ ಇಬ್ಬರೂ ನೋಡಿಬಂದೆವು. ಸ್ವಚ್ಛವಾಗಿದೆ, ಕಿಟಕಿಯಿಂದ ಚಹಾ ತೋಟ ಕಾಣುತ್ತದೆ. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು. ಪಾರ್ಶ್ವವಾಯು ಬಡಿದ ಮೇಲೆ ಅವರ ಬಲಗೈ ಏಳುವುದಿಲ್ಲ, ಊಟವೆಂದರೆ ನಾನು ಕುಡಿಸುವ ಗಂಜಿ ಅಷ್ಟೇ. ಮೆತ್ತಗಿನದ್ದೇನಾದರೂ ಕೊಡಬಹುದೆಂದು ಡಾಕ್ಟರು ಹೇಳಿದ್ದರೂ ನನಗೇ ಧೈರ್ಯ ಬಂದಿರಲಿಲ್ಲ. ವಾಪಸ್ಸು ಬರುವಾಗ ಹೆದ್ದಾರಿ ಪಕ್ಕದ ಹ್ಯಾಂಬರ್ಗ್ ಹೋಟೆಲ್ ಕಂಡದ್ದೇ ತಡ, ಕಾರು ನಿಲ್ಲಿಸು ಎಂದು ತೊದಲುತ್ತಲೇ ಗದರಿದರು. "ನಿನ್ನ ಗಂಜಿ ಕುಡಿದೂ ಕುಡಿದೂ ನಾಲಿಗೆ ಸತ್ತೋಗಿದೆ ಕಣೇ!" ನನಗೆ ನಗು, ಹೆದರಿಕೆ ಎರಡೂ.

ಮಕ್ಕಳ ಗಲಾಟೆಯ ಮಧ್ಯೆ ಕೂತೆವು. ಬಡಿಸುವ ಹುಡುಗಿ ಕಾದ ಕಬ್ಬಿಣದ ತಟ್ಟೆ ತಂದಿಟ್ಟು, ಕೊಚ್ಚಿದ ಮಾಂಸದ ಚೆಂಡಿನಂಥ ಹ್ಯಾಂಬರ್ಗ್ ಉಂಡೆಯನ್ನು ಎರಡು ಹೋಳು ಮಾಡಿ ಒತ್ತಿ, "ಎಣ್ಣೆ ಸಿಡಿಯುತ್ತೆ, ಮೇಜಿನ ಮೇಲೆ ಹಾಸಿರೋ ಕಾಗದ ಎತ್ತಿ ಹಿಡ್ಕೊಳ್ಳಿ" ಎನ್ನುತ್ತ ಈರುಳ್ಳಿ ಸಾಸ್ ಸುರಿದಳು. ಚೊಂಯ್! ನಾನು ಅತ್ತೆಯ ಕತ್ತಿಗೆ ಟವೆಲ್ ಕಟ್ಟುವ ಗಡಿಬಿಡಿಯಲ್ಲಿದ್ದೆ. ನೋಡಿದರೆ, ಅವರು ತಮ್ಮ ಕಾಗದವನ್ನು ಎಡಗೈಯಲ್ಲಿ ನನ್ನ ಎದೆಗೆ ಅಡ್ಡ ಹಿಡಿದಿದ್ದಾರೆ. "ಬಿಳೀ ಷರ್ಟು ಹಾಕ್ಕೊಂಡು ಬಂದಿದ್ದೀಯಲ್ಲ, ಪೆದ್ದಿ" ಎಂದರು. ಅವರ ಸ್ವೆಟರಿನ ತುಂಬ ಎಣ್ಣೆಯ ಹನಿ.

ಚೂರುಚೂರೇ ಮುರಿದು ತಿನ್ನಿಸಿದೆ. ಬೆಣ್ಣೆಯಷ್ಟು ಮೆತ್ತಗಿತ್ತು, ಒಮ್ಮೆಯೂ ನೆತ್ತಿಗೇರಲಿಲ್ಲ. ಆಮೇಲೆ ಚಮಚ ಕಿತ್ತುಕೊಂಡು ತಾವೇ ತಿಂದರು. ಸಾಸ್ ಸಿಹಿ ಜಾಸ್ತಿ ಎಂದು ಗೊಣಗುತ್ತಲೇ ತಟ್ಟೆ ಖಾಲಿ ಮಾಡಿದರು. ಬಾಯಿ ಒರೆಸಿಕೊಂಡು, "ಆ ಜಾಗ ಚೆನ್ನಾಗಿದೆ, ನಾನು ಹೋಗ್ತೀನಿ. ನನ್ನನ್ನ ಎತ್ತೀ ಎತ್ತೀ ನಿನ್ನ ಸೊಂಟ ಹೋಗ್ತಿರೋದು ನಂಗೆ ಕಾಣಲ್ವಾ?" ಎಂದರು. "ನಿಮಗೆ ಇಷ್ಟ ಇದ್ಯಾ, ಅಮ್ಮಾ?" ಎಂದು ಕೇಳಿದೆ. ನನ್ನ ತಟ್ಟೆಯ ಕ್ಯಾರೆಟ್ ಎತ್ತಿ ಬಾಯಿಗೆ ಹಾಕಿಕೊಂಡರು. ಅವರ ಕಣ್ಣು ತುಂಬಿತ್ತು. ಈರುಳ್ಳಿ ಕಾಟ ಎಂದರು. ಬೆಂದ ಈರುಳ್ಳಿ ಯಾರ ಕಣ್ಣನ್ನು ಉರಿಸುತ್ತದೆ, ಹೇಳಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಚಳಿ ಹೋಯಿತೆಂದು ಉಣ್ಣೆಯ ಬನಿಯನ್ ಬಿಚ್ಚಬಾರದಂತೆ.

ನಿಮ್ಮ
ಶಿಜುಯೊ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಆ ವೃದ್ಧಾಶ್ರಮಕ್ಕೆ ಫೋನ್ ಮಾಡಿ ಬೇಡವೆಂದೆ. ಅತ್ತೆ ನಮ್ಮ ಮನೆಯಲ್ಲೇ ಇರುತ್ತಾರೆ. ಆದರೆ ನನ್ನ ಸೊಂಟದ ವಿಷಯ ಅವರು ಹೇಳಿದ್ದು ಸುಳ್ಳಲ್ಲ, ಒಬ್ಬಳ ಕೈಲಿ ಆಗುವುದಿಲ್ಲ. ಕಂಪನಿಯಲ್ಲಿ ವರ್ಗಾವಣೆ ಕೇಳಿ. ಮನೆಗೆ ಬನ್ನಿ.