ಪ್ಲಾನಿನಲ್ಲಿ ಇಲ್ಲದ ಮಕ್ಕಳು

ಫೆಬ್ರವರಿ 11, ಬುಧವಾರ

ಇವತ್ತೂ ಚರ್ಮ. ಬೆಳಗಿನಿಂದ ಬರೀ ಬೆನ್ನು, ಕತ್ತು, ಬೋಳುತಲೆ. ಗಿಪ್ಸ್‌ಲ್ಯಾಂಡಿನ ಬಿಸಿಲು ಈ ಹಸು ಸಾಕುವವರನ್ನು ಹುರಿದು ಹಾಕಿದೆ. ಈ ಕ್ಲಿನಿಕ್ಕಿನಲ್ಲಿ ನನ್ನ ಟ್ರೈನಿಂಗ್ ನೋಡಿಕೊಳ್ಳುವ ಡಾಕ್ಟರ್ ಲೇಡ್‌ಲಾ ಪಕ್ಕದಲ್ಲೇ ಕೂತು ಹೇಳಿಕೊಟ್ಟರು. ಎಲ್ಲ ಗೊತ್ತಿದ್ದದ್ದೇ — ಮೆಲ್ಬರ್ನಿನಲ್ಲಿ ವರ್ಷವಿಡೀ ಮಾಡಿದ ಕೆಲಸ. ಈಗಷ್ಟೇ ಕಲಿತವಳ ಹಾಗೆ ತಲೆಯಾಡಿಸಿದೆ. ನನಗೆ ಬರದದ್ದು, ಕಲಿಯಬೇಕಾದದ್ದು ಅಂತ ಕಲಿಕೆಯ ಪ್ಲಾನಿನಲ್ಲಿ ಅದನ್ನೇ ಬರೆದುಕೊಟ್ಟಿದ್ದೇನಲ್ಲ: ಚರ್ಮದ ಗಂಟು ತೆಗೆಯುವುದು, ಹೊಲಿಗೆ ಹಾಕುವುದು. ಬೇಗ ಟಿಕ್ ಬೀಳಲಿ ಅಂತ. ಫ್ಯಾಮಿಲಿ ಡಾಕ್ಟರ್ ಟ್ರೈನಿಂಗಿನಲ್ಲಿ ಎಲ್ಲರೂ ಹೀಗೇ ಮಾಡುವುದು.

ಬರೆಯದೇ ಬಿಟ್ಟದ್ದು — ಮಕ್ಕಳು. ಮಕ್ಕಳ ವಾರ್ಡಿಗೆ ಹಾಕಿದಾಗೆಲ್ಲ ನನ್ನನ್ನು ಎಮರ್ಜೆನ್ಸಿಗೆ ಎಳೆದುಕೊಂಡರು. ಕೂಸುಗಳನ್ನು ಮುಟ್ಟಿದ್ದೇ ಕಡಿಮೆ. ಬರೆದರೆ? ಇನ್ನಾರು ತಿಂಗಳು ಟ್ರೈನಿಂಗ್ ಎಳೆದುಬಿಟ್ಟರೆ? ಬೇಡಪ್ಪಾ.

ಫೆಬ್ರವರಿ 18, ಬುಧವಾರ

ಮಧ್ಯಾಹ್ನ ಲೇಡ್‌ಲಾ ವೃದ್ಧಾಶ್ರಮದ ರೌಂಡ್ಸಿಗೆ ಹೋದರು. ನಾನೊಬ್ಬಳೇ. ಗ್ಲೆನಿಸ್ — ನಮ್ಮ ರಿಸೆಪ್ಶನ್ನಿನ ಮಹಾರಾಣಿ — ಸಾಲಾಗಿ ಮಕ್ಕಳನ್ನೇ ಒಳಗೆ ಕಳಿಸಿದಳು. ಯಾಕೆ ಅಂತ ಹೋಗಿ ಕೇಳಿದೆ.

"ಅಯ್ಯೋ ಚಿನ್ನ, ನಿನ್ನ ಪ್ಲಾನ್ ನೋಡ್ಕೊಂಡೇ ನಾನು ಬುಕಿಂಗ್ ಮಾಡೋದು! ಅದರಲ್ಲಿ ಇರೋದು ನಿನಗೆ ಬರಲ್ಲ, ಸೋ ಡಾಕ್ಟ್ರು ಇದ್ದಾಗ ಕೊಡ್ತೀನಿ. ಅದರಲ್ಲಿ ಇಲ್ಲದ್ದು ಬರುತ್ತೆ. ಒಬ್ಬಳೇ ಇದ್ದಾಗ ಅದು."

"ಸರಿ" ಅಂದೆ. ಥೂ, ಯಾಕೆ ಸರಿ ಅಂದೆ?

ಮಾರ್ಚ್ 4, ಬುಧವಾರ. ಸಂಜೆ

ಓಡೆಟ್, ಏಳು ತಿಂಗಳ ಕೂಸು. ತಾಯಿ ಕಿರ್ಸ್ಟಿ ಕೊಟ್ಟಿಗೆಯ ಬೂಟಿನಲ್ಲೇ ಓಡಿ ಬಂದಿದ್ದಳು. ಜ್ವರವಿಲ್ಲ. ಆಗಾಗ ಕಾಲು ಮಡಚಿ ಕಿರುಚುತ್ತಂತೆ, ಆಮೇಲೆ ಸುಮ್ಮನಾಗುತ್ತಂತೆ. ನಾನು ನೋಡುವಾಗ ಸುಮ್ಮನಿತ್ತು. ಹೊಟ್ಟೆ ಮುಟ್ಟಿದೆ. ಏನು ಹುಡುಕಬೇಕೆಂದೇ ತಿಳಿಯಲಿಲ್ಲ.

"ಏನೂ ತೊಂದ್ರೆ ಇಲ್ಲ ತಾನೆ ಡಾಕ್ಟ್ರೇ?"

"ಗ್ಯಾಸ್ ಇರಬೇಕು. ಮನೆಗೆ ಕರ್ಕೊಂಡು ಹೋಗಿ."

ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಆಗಲೇ ವೃದ್ಧಾಶ್ರಮದಲ್ಲಿದ್ದ ಲೇಡ್‌ಲಾಗೆ ಫೋನ್ ಮಾಡಬೇಕಿತ್ತು. ಎತ್ತಿಕೊಂಡು, ಇಟ್ಟುಬಿಟ್ಟೆ. ಈಗ ಕಿರ್ಸ್ಟಿಗೆ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ಹಾಲು ಕರೆಯುತ್ತಿರಬೇಕು. ಇರಬೇಕು... ಕೂಸು ತೀರಾ ಸುಮ್ಮನಿತ್ತು. ನಿದ್ದೆಗಣ್ಣೋ? ನಿತ್ರಾಣವೋ?

ಬೈದರೆ ಬೈಯಲಿ. ಲೇಡ್‌ಲಾಗೆ ಮಾಡುತ್ತೇನೆ —

ಮಾರ್ಚ್ 7, ಶನಿವಾರ

ಕೂಸು ಉಳಿಯಿತು. ಉಳಿಯಿತು.

ಅವತ್ತು ಲೇಡ್‌ಲಾ ನನ್ನ ಮಾತು ಪೂರ್ತಿ ಕೇಳಲೂ ಇಲ್ಲ. "ಗಾಡಿ ತೆಗೀತೀನಿ, ಬಾ." ನೇರ ಕಿರ್ಸ್ಟಿಯ ಮನೆಗೆ. ಕರುಳೊಳಗೆ ಕರುಳು ತೂರಿಕೊಂಡಿತ್ತು. ಹೆಲಿಕಾಪ್ಟರಿನಲ್ಲಿ ಮೆಲ್ಬರ್ನಿಗೆ, ಅಲ್ಲಿ ಗಾಳಿ ಹಾಯಿಸಿ ಬಿಡಿಸಿದರಂತೆ, ಕೊಯ್ಯಬೇಕಾಗಲಿಲ್ಲ. ಬೆಳಗಿನ ತನಕ ಬಿಟ್ಟಿದ್ದರೆ... ಬರೆಯಲಾರೆ.

ಇವತ್ತು ಲೇಡ್‌ಲಾ ಕೂರಿಸಿಕೊಂಡರು.

"ಮೊರ್ವೆನ್, ಪ್ಲಾನಲ್ಲಿ ಮಕ್ಕಳು ಯಾಕಿಲ್ಲ?"

"ಬರಲ್ಲ ಅಂತ ಬರೆಯೋಕೆ ಭಯ ಆಯ್ತು."

"ಅಲ್ಲ ಮಾರಾಯ್ತಿ, ಬರಲ್ಲ ಅಂತ ಬರೆಯೋಕೇ ಅಲ್ವಾ ಅದಿರೋದು! ನಾನೂ ಕತ್ತೆ ಹಾಗೆ ಕಣ್ಮುಚ್ಕೊಂಡು ಸಹಿ ಹಾಕಿದೆ ನೋಡು."

ಅತ್ತುಬಿಟ್ಟೆ. ಅವರೆದುರೇ ಬರೆದೆ: ಕೂಸುಗಳು. ನನಗೆ ಬರುವುದಿಲ್ಲ. ಟ್ರೈನಿಂಗ್ ಆಫೀಸಿಗೆ ಕಳಿಸಿದ್ದಾಯಿತು.

"ಮೊದಲನೇ ಪಾಠ," ಅಂದರು ಲೇಡ್‌ಲಾ, "ಕೈ ಬೆಚ್ಚಗೆ ಮಾಡ್ಕೋ. ತಣ್ಣನೆ ಕೈ ಇಟ್ರೆ ಕೂಸು ಹೊಟ್ಟೆ ಬಿಗಿ ಹಿಡಿಯುತ್ತೆ, ಏನೂ ಸಿಗಲ್ಲ."

ಮಾರ್ಚ್ 18, ಬುಧವಾರ

ಆಫೀಸಿನಿಂದ ಉತ್ತರವಿಲ್ಲ. ಫೋನ್ ಸದ್ದಾದರೆ ಓಡಿ ಹೋಗಿ ಎತ್ತುತ್ತೇನೆ. ಲೇಡ್‌ಲಾ ವೃದ್ಧಾಶ್ರಮವನ್ನು ಶುಕ್ರವಾರಕ್ಕೆ ಹಾಕಿಕೊಂಡು, ನನ್ನ ರೂಮಿನ ಮೂಲೆಯಲ್ಲಿ ಕುರ್ಚಿ ಎಳೆದು ಕೂತಿದ್ದಾರೆ.

ಈಗಷ್ಟೇ ಗ್ಲೆನಿಸ್ ಇಣುಕಿದಳು. "ಕಿರ್ಸ್ಟಿ ಬಂದಿದ್ದಾಳೆ, ಓಡೆಟ್‌ನ ತೋರ್ಸೋಕೆ. ದೊಡ್ಡ ಡಾಕ್ಟ್ರಿಗೆ ತೋರಿಸ್ತೀಯಾ ಅಂದೆ. ಬೇಡ, ಮೊರ್ವೆನ್ನೇ ನೋಡ್ಲಿ ಅಂದ್ಲು. ಬರಲ್ಲ ಅಂತ ಬರ್ಕೊಟ್ಟಿದ್ದಾಳಂತಲ್ಲ, ಇನ್ಮೇಲೆ ಅವಳು ನಂಗೆ ಸುಳ್ಳು ಹೇಳಲ್ಲ ಅಂದ್ಲು."

"ಅವಳಿಗೆ ಯಾರು ಹೇಳಿದ್ದು?"

ಗ್ಲೆನಿಸ್ ಸೀಲಿಂಗ್ ನೋಡಿದಳು. ಮೂಲೆಯಿಂದ ಲೇಡ್‌ಲಾ ಕೆಮ್ಮಿದರು.

ಕಾರಿಡಾರಿನಲ್ಲಿ ಬೂಟಿನ ಸದ್ದು. ನನ್ನ ಕೈ ಐಸ್ ಆಗಿದೆ. ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು.